ಎಲೆ ಕಟ್ಟಿಕೊಂಡು ಬಾರದ ರಾಜಶ್ರೀಗೆ ಬಂದ ನೋಟೀಸು

ಉತ್ಸವದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹಳಿಯಾಳದ ಸಿದ್ದಿ ಕಲಾವಿದೆ ರಾಜಶ್ರೀಗೆ ತಾವು ಕಳಿಸಿದ ನೋಟೀಸು ಓದಿ ಧನ್ಯಳಾದೆ. ದಾಂಡೇಲಿಯ ವೇದಿಕೆಯಲ್ಲಿ ಆಕೆ 'ಸಭಿಕರ ಸೌಂದರ್ಯಪ್ರಜ್ಞೆಗೆ ಧಕ್ಕೆ' ತಂದಳಂತೆ. ಏಳು ದಿನದೊಳಗೆ ಕ್ಷಮೆ ಕೇಳದಿದ್ದರೆ ಇನ್ನು ಯಾವ ಉತ್ಸವಕ್ಕೂ ಕರೆಯುವುದಿಲ್ಲವಂತೆ. ಇಷ್ಟು ನಾಜೂಕಾದ ಪ್ರಜ್ಞೆ ನಮಗಿದೆಯೆಂದು ತಾವು ಹೇಳುವವರೆಗೆ ಗೊತ್ತೇ ಇರಲಿಲ್ಲ.

ಆಕೆಯ ಅಪರಾಧವನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ತಾವು 'ಕಾಡಿನ ಕುಣಿತ'ಕ್ಕೆ ಕರೆದಿದ್ದಿರಿ. ಆಕೆ ಇಳಕಲ್ ಸೀರೆಯುಟ್ಟು ಬಂದಳು. "ಎಲಿ ಕಟ್ಕೊಂಡ ಬರ್ಲಿಲ್ಲೇನ?" ಎಂದಿರಿ. "ಎಲಿ-ತಪ್ಪಲ ನಾವು ದನಕ್ಕ ಹಾಕ್ತೇವ್ರಿ ಸಾಹೇಬ್ರ," ಎಂದಳು. ಎಂಥ ಉದ್ಧಟತನ! ಎಂ.ಎ. ಓದಿದ ಸಿದ್ದಿ ಹೆಣ್ಣುಮಗಳು ಎಲೆ ಸುತ್ತಿಕೊಳ್ಳದಿದ್ದರೆ ರೆಸಾರ್ಟಿನ ಅತಿಥಿಗಳು ಫೋಟೊ ತೆಗೆಯುವುದಾದರೂ ಯಾವುದನ್ನು?

ಆಮೇಲೆ ಆಕೆ ವೇದಿಕೆಯ ನಡುವೆ ಕುರ್ಚಿ ಹಾಕಿ ಕುಳಿತು, ಪೌಡರ್ ಡಬ್ಬಿ ಮುಂದಿಟ್ಟು, "ನಾ ನಿಮಗ ಚಂದ ಕಾಣೂತನಕ ಹಚ್ರಿ," ಎಂದಳು. ಜನ ನಕ್ಕರು. ಮೊದಲು ಮೆಟ್ಟಿಲು ಹತ್ತಿದವಳು ನಾನೇ. ದಾಂಡೇಲಿಯ ಬಂಗೂರನಗರದಲ್ಲೇ ಬ್ಯೂಟಿ ಪಾರ್ಲರ್ ನಡೆಸುವವಳು, ಕೈ ತಡೆಯಲಿಲ್ಲ. ಹಚ್ಚುತ್ತಿದ್ದಾಗ ಆಕೆ ಮೆಲ್ಲಗೆ, "ಅಕ್ಕಾರ, ಗುರುತು ಸಿಗಲಿಲ್ಲೇನ್ರಿ? ಗೆಳತಿ ಮದುವಿಗೆ ತಯಾರಾಗಾಕ ನಿಮ್ಮಲ್ಲಿ ಬಂದಾಗ, 'ನಿನಗ ಹಚ್ಚಿದ್ರ ನನ್ನ ಸಾಮಾನು ದಂಡ' ಅಂದಿದ್ರಿ," ಎಂದಳು.

ಅಂದಿದ್ದೆ, ಸಾಹೇಬರೇ. ಕುಳಿತಿದ್ದ ಹುಡುಗಿಯರೆಲ್ಲ ನಕ್ಕಿದ್ದರು. ನಾನೂ.

ನಾನು ಇಳಿದ ಮೇಲೆ ಹತ್ತಾರು ಜನ ಹತ್ತಿದರು. ಸಿದ್ದಿಗಳ ಹಿರಿಯರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿದ್ದರೂ ಒಬ್ಬ, "ಯಾವ ದೇಶದಾಕಿನೋ," ಎನ್ನುತ್ತ ಕಣ್ಣಿಗೇ ಎರಚಿದ. ಕಣ್ಣೀರಿಳಿದು ಪೌಡರಿನಲ್ಲಿ ಗೆರೆ ಬಿದ್ದರೂ ಆಕೆ ಕದಲಲಿಲ್ಲ. ನಗು ನಿಂತಿತು. ಆಗ ನಮ್ಮ ಜಿಲ್ಲೆಯದೇ ಇಂದೂರು ಹಳ್ಳಿಯಿಂದ ಮಗಳ ಮನೆಗೆ ಬಂದಿದ್ದ ತಾಯವ್ವ ಎಂಬ ಮುದುಕಿ ಮೇಲೆ ಹೋಗಿ, ಸೆರಗು ಒದ್ದೆ ಮಾಡಿಕೊಂಡು ಆಕೆಯ ಮುಖ ಒರೆಸತೊಡಗಿದಳು. "ಯವ್ವಾ, ಹೆಂಗಿದ್ದ ಮಾರಿ ಹೆಂಗ ಮಾಡ್ಯಾರ ನೋಡ," ಎಂದಳು. ಸರಿಯಾಗಿ ಆಗಲೇ ತಾವು ಮೈಕ್ ಬಂದ್ ಮಾಡಿಸಿ ಪರದೆ ಎಳೆಸಿದಿರಿ. ಎಂಥ ಸಮಯಪ್ರಜ್ಞೆ! ಎರಚುವಾಗ ಆಗದ ಧಕ್ಕೆ ಒರೆಸುವಾಗ ಆಯಿತೇ?

ಮುಂದಿನ ವಾರ ಹಳಿಯಾಳಕ್ಕೆ ಹೋಗಿ ರಾಜಶ್ರೀಯ ಕ್ಷಮೆ ಕೇಳಿದೆ. ಚಹಾ ಕೊಟ್ಟಳು, ಕ್ಷಮಿಸಿದೆ ಎನ್ನಲಿಲ್ಲ. ತಮ್ಮ ನೋಟೀಸು ತೋರಿಸಿ, "ಇದಕ್ಕ ನಾ ಉತ್ತರ ಬರಿಯಂಗಿಲ್ರಿ," ಎಂದಳಷ್ಟೆ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ನೋಟೀಸು ಹಿಂಪಡೆಯಿರಿ. ಆಕೆ ಒಪ್ಪಿದರೆ, ಅದೇ ವೇದಿಕೆಯಲ್ಲಿ ಪೂರ್ತಿ ಒಂದು ತಾಸು ಕೊಡಿ. ಕ್ಷಮೆ ಕೇಳಬೇಕಾದವರು ಯಾರೆಂದು ಇನ್ನೂ ತಿಳಿಯದಿದ್ದರೆ ನನ್ನ ಅಂಗಡಿಗೆ ದಯಮಾಡಿಸಿ. ಕನ್ನಡಿ ನೋಡಿಕೊಳ್ಳುವುದಕ್ಕೆ ಶುಲ್ಕವಿಲ್ಲ.

ಇಂತಿ,
ಇಪ್ಪತ್ತು ವರ್ಷದಿಂದ ಚಂದವನ್ನು ಮಾರಿಕೊಂಡು ಬಂದ
ನಿರ್ಮಲಾ, ಬಂಗೂರನಗರ