ಎರಡನೇ ರಕ್ತಪರೀಕ್ಷೆಗೆ ಮುಂಚೆ

ಎರ್ಲಾಂಗೆನ್, ಜರ್ಮನಿ, ಬುಧವಾರ

ಪ್ರೀತಿಯ ಚಿಕ್ಕಮ್ಮ,

ಹೆಣ್ಣಿಲಿಯ ಅಂಡಾಶಯ ತೆಗೆದರೆ, ತಡೆಯುವವರಿಲ್ಲದೆ ಅದರ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನು ಏರುತ್ತಲೇ ಹೋಗುತ್ತದೆ. ಲ್ಯಾಬಿನಲ್ಲಿ ನಾನು ದಿನವೂ ಅಳೆಯುವುದು ಅದನ್ನೇ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲವೆಂದು ಪರೀಕ್ಷೆ ಮಾಡಿಸಿದೆ. ನನ್ನ ರಕ್ತದಲ್ಲೂ ಅದು ಹಾಗೇ ಏರಿದೆ. ನನಗಿನ್ನೂ ಮೂವತ್ತೊಂದು. ಅಂದಿನಿಂದ ಪಂಜರಗಳ ಹತ್ತಿರ ಹೋಗಲೂ ಹೆದರಿಕೆ.

“ಸ್ಟ್ರೆಸ್ ಇರ್ಬೇಕು ಕಣೇ, ರಜೆ ಹಾಕು,” ಅಂದರು ನನ್ನವರು. ಆ ಅಂಕಿಯ ಅರ್ಥ ಅವರಿಗಿನ್ನೂ ಹೇಳಿಲ್ಲ.

ಮುಂದಿನ ತಿಂಗಳು ಮತ್ತೆ ರಕ್ತ ಕೊಡಬೇಕು. ಮನೆತನದಲ್ಲಿ ಯಾರಿಗಾದರೂ ಬೇಗ ಮುಟ್ಟು ನಿಂತಿತ್ತೇ ಎಂದು ಡಾಕ್ಟರ್ ಕೇಳಿದ್ದಾರೆ. ನಿಮಗೆ ನಿಂತದ್ದು ಎಷ್ಟನೇ ವಯಸ್ಸಿಗೆ? ಅಷ್ಟು ಬರೆದು ತಿಳಿಸಿ.

ಅಮ್ಮನಿಗೆ ಹೇಳಬೇಡಿ. ನಿಮಗೆ ಮಕ್ಕಳಿಲ್ಲವೆಂದು, ಒಡಹುಟ್ಟಿದ ತಂಗಿಯೆಂದೂ ನೋಡದೆ, ನನ್ನ ಮದುವೆಯ ಆರತಿಗೆ ಅವಳು ನಿಮ್ಮನ್ನು ಕರೆಯಲಿಲ್ಲ. ಹಸೆಯ ಮೇಲೆ ಕೂತು ನಾನು ನೋಡಿದ್ದೆ. ಸುಮ್ಮನಿದ್ದೆ.

ನಿಮ್ಮ
ಸುರಭಿ