ರಾಜೇಂದ್ರನ ಕಾಲಳತೆ

ಡಿಸೆಂಬರ್ 2, ಮಂಗಳವಾರ

ಚೊಗರು ಬಂತು. ಅಡಿಕೆ ಸುಲಿಯೋಕೆ ಹೋಗೋ ದುಗ್ಗಮ್ಮ ಹಳೇ ಎಣ್ಣೆ ಕ್ಯಾನಿನಲ್ಲಿ ಐದು ಲೀಟರ್ ತಂದುಕೊಟ್ಟಳು. ಅಡಿಕೆ ಬೇಯಿಸಿ ಉಳಿದ ಕೆಂಪು ನೀರು. ಈ ಸಲದ್ದು ಒಳ್ಳೆ ಗಟ್ಟಿ ಇದೆ. "ಇದರಲ್ಲಿ ಎಂತ ಸಾಕ್ಸ್ ಮಾಡ್ತೀರಿ ಮಾರಾಯ್ರೆ, ಕೈಗೆ ಹತ್ತಿದ್ರೆ ವಾರ ಹೋಗಲ್ಲ" ಅಂದಳು. ಹೋಗಬಾರದು ಅಂತಲೇ ತಾನೇ ತರಿಸಿದ್ದು.

ಬಿಳಿ ಉಣ್ಣೆ ನಿನ್ನೆಯೇ ಪಟಿಕದ ನೀರಲ್ಲಿ ನೆನೆಸಿಟ್ಟಿದ್ದೆ. ಎರಡು ಲಡಿ ಚೊಗರಿಗೆ. ಒಂದು ಲಡಿ ಹಲಸಿನ ಚಕ್ಕೆಯ ಹಳದಿಗೆ. ಸಣ್ಣ ಉರಿ. ಕುದಿಸಿದ್ರೆ ಉಣ್ಣೆ ಮುದುಡಿಕೊಳ್ಳತ್ತೆ. ಮಧ್ಯಾಹ್ನಕ್ಕೆ ಬಣ್ಣ ಹಿಡೀತು... ಎಂಥ ಕೆಂಪು. ತಂತಿ ಮೇಲೆ ಹರವಿ ಹತ್ತು ನಿಮಿಷ ಸುಮ್ಮನೆ ನೋಡ್ತಾ ನಿಂತೆ. ಒಲೆ ಮೇಲಿನ ಅನ್ನ ತಳ ಹಿಡೀತು. ಹಿಡೀಲಿ.

ಇದು ತಮ್ಮ ರಾಜೇಂದ್ರನಿಗೆ. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗೋ ಮೊದಲನೇ ಬಸ್ಸು ಓಡಿಸೋದು ಅವನೇ. ಬೆಳಿಗ್ಗೆ ಕಾಲು ಐಸ್ ಆಗತ್ತಂತೆ, ಜೋಮು ಹಿಡಿಯತ್ತಂತೆ. ಈ ಚಳಿಗೆ ಇನ್ನೇನಾಗತ್ತೆ? ಅಕ್ಕ ಅಂತ ನಾನಿದೀನಲ್ಲ.

ಡಿ. 3

ಅಳತೆಗೆ ಹೋದೆ. ಎರಡು ಬೀದಿ ಆಚೆ ಅವನ ಮನೆ. ಟೇಪ್ ಹಿಡಿದು ನೆಲಕ್ಕೆ ಕೂತದ್ದೇ ತಡ, ಕಾಲು ಎಳ್ಕೊಂಡ. "ಅಕ್ಕ, ನೀನು ನನ್ನ ಕಾಲು ಮುಟ್ಟೋದಾ? ದೊಡ್ಡವರು ಮುಟ್ಟಬಾರದು. ನಂಗೆ ಆಯಸ್ಸು ಕಮ್ಮಿ ಆಗತ್ತೆ." ಐವತ್ತೆರಡು ವರ್ಷದ ಗಂಡಸು. ಚಿಕ್ಕವನಿದ್ದಾಗ ಇದೇ ಕಾಲಿಂದ ಮುಳ್ಳು ತೆಗೀತಿದ್ದದ್ದು ಯಾರು? ಪಿನ್ನು ತಾಗೋ ಮೊದಲೇ ಬೊಬ್ಬೆ ಹೊಡೆದು ಬೀದಿ ಸೇರಿಸ್ತಿದ್ದ. ಆಗ ಆಯಸ್ಸು ಎಲ್ಲಿತ್ತೋ.

ಅವನ ಹೆಂಡತಿ ಶರಾವತಿ ನಕ್ಕಳು. "ಬಿಡಿ ಅತ್ತಿಗೆ. ಈಗೀಗ ನಂಗೂ ಕಾಲು ತೋರಿಸಲ್ಲ ಅವರು." ಚಪ್ಪಲಿ ತಂದು ಕೊಟ್ಟಳು.

ಅಷ್ಟು ಸಾಕು. ಮೂವತ್ತು ವರ್ಷ "ತನುಜಾ ಲೇಡೀಸ್ ಟೈಲರ್" ಬೋರ್ಡು ಹಾಕಿಕೊಂಡು ಅರ್ಧ ಪೇಟೆಗೆ ರವಿಕೆ ಹೊಲಿದವಳು ನಾನು. ಬಾಗಿಲಿಗೆ ಹೆಂಗಸು ಬಂದ್ರೆ ಟೇಪ್ ತೆಗೆಯೋ ಮುಂಚೆ ಅಳತೆ ಹೇಳ್ತಿದ್ದೆ. ಸವೆದ ಚಪ್ಪಲಿಯಲ್ಲಿ ಕಾಲಿನ ಜಾತಕ ಪೂರ್ತಿ ಇರತ್ತೆ. ಬಲಗಾಲಿನದ್ದು ಜಾಸ್ತಿ ಸವೆದಿದೆ — ಬ್ರೇಕಿನ ಕಾಲು. ಒಂಬತ್ತೂಮುಕ್ಕಾಲು ಇಂಚು. ಸಾಕ್ಸ್ ಅದಕ್ಕಿಂತ ಮುಕ್ಕಾಲು ಇಂಚು ಕಮ್ಮಿ ಹೆಣೀಬೇಕು, ಉಣ್ಣೆ ಹಿಗ್ಗಿ ಕಾಲನ್ನ ಹಿಡೀಬೇಕು. ಅಂಗಡಿ ಸಾಕ್ಸಿನವರಿಗೆ ಇದು ಗೊತ್ತಿದ್ರೆ ಯಾಕೆ ಹಾಗೆ ಜಾರ್ತಿತ್ತು.

ಡಿ. 8, ಸಂಜೆ 5

ಎಡಗಾಲಿನದ್ದು ಮುಗೀತು. ಬಲದ್ದು ಹಿಮ್ಮಡಿಗೆ ಬಂತು. ಅರವತ್ತನಾಲ್ಕು ಕುಣಿಕೆ, ನಾಲ್ಕು ಕಡ್ಡಿ. ಕೆಂಪು ಮೈ, ಮೇಲೆ ಹಳದಿ ಬಾರ್ಡರ್ — ಎರಡು ಸೀದಾ, ಎರಡು ಉಲ್ಟಾ.

ಹಿಮ್ಮಡಿ ತಿರುಗಿಸೋ ಜಾಗಕ್ಕೆ ಗುಂಡುಪಿನ್ನು ಚುಚ್ಚಿ ಗುರುತು ಮಾಡ್ತೀನಿ. ಯೂಟ್ಯೂಬಿನ ಹೆಂಗಸು ಬಣ್ಣದ ದಾರ ಕಟ್ಟಿ ಅಂತಾಳೆ. ಅವಳು ಟೈಲರ್ ಅಲ್ಲ. ನನ್ನ ಕೈಗೆ ಪಿನ್ನೇ ಬೇಕು. ಡಬ್ಬಿಯಲ್ಲಿ ಹನ್ನೆರಡು ಪಿನ್ನು, ಕೆಲಸ ಮುಗಿದ ಮೇಲೆ ಎಣಿಸಿ ಹಾಕೋದು, ಅಂಗಡಿ ಕಾಲದ ನೇಮ. ಒಬ್ಬರ ರವಿಕೆಯಲ್ಲೂ ಪಿನ್ನು ಬಿಟ್ಟವಳಲ್ಲ.

ಡಿ. 13, ಶನಿವಾರ

ಮುಗೀತು. ಜೋಡಿ ಇಟ್ಟು ನೋಡಿದೆ. ಒಂದು ಕುಣಿಕೆ ಆಚೀಚೆ ಇಲ್ಲ. ಕೊನೇ ದಾರ ಕತ್ತರಿಸ್ತಾ ಇದ್ದೆ, ಅಷ್ಟರಲ್ಲಿ ಬಾಗಿಲಲ್ಲಿ ಇವನೇ. "ಆಯ್ತಾ ಅಕ್ಕ?" ಕೈಯಿಂದ ಕಸ್ಕೊಂಡೇ ಹೋದ, ಕಾಫಿಗೂ ನಿಲ್ಲಲಿಲ್ಲ. ಖುಷಿ ಆಯ್ತು ನಂಗೆ. ಡಬ್ಬಿ ಮುಚ್ಚಿಟ್ಟು ಮಲಗಿ ಒಂದು ಗಂಟೆ ನಿದ್ದೆ ಹೊಡೆದೆ.

ಡಿ. 15, ಸೋಮವಾರ

ತೀರ್ಥಹಳ್ಳಿ ಸ್ಟ್ಯಾಂಡಿಂದ ಫೋನು. "ಎಂಥ ಫಿಟ್ಟಿಂಗ್ ಅಕ್ಕ. ಬೆಳಿಗ್ಗೆಯಿಂದ ಹಾಕಿದೀನಿ, ಹಾಕಿದ್ದೇ ಗೊತ್ತಾಗಲ್ಲ."

ಈ ಮಾತು ಇಲ್ಲಿ ಬರೆದಿಡ್ತೀನಿ. ಹಾಕಿದ್ದೇ ಗೊತ್ತಾಗಲ್ಲ. ಹೊಲಿಯೋರಿಗೆ ಇದಕ್ಕಿಂತ ಸರ್ಟಿಫಿಕೇಟು ಬೇಡ. ಹಿಂದಿನಿಂದ ಅವನ ಕಂಡಕ್ಟರ್ ಯೋಗರಾಜ್ ಕೂಗಿದ, "ಅಕ್ಕ, ನಂಗೊಂದು ಜೊತೆ, ನೀಲಿದು." ಮಾಡಿಕೊಡೋಣ.

ಡಿ. 16

ಶರಾವತಿ ಫೋನು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ... ಸಾಕ್ಸ್ ಬಣ್ಣ ಬಿಡ್ತು. ಬಕೆಟ್ ನೀರು ಕೆಂಪಾಗಿದೆ."

ನನ್ನ ಬಣ್ಣ? ನಾಲ್ಕು ವರ್ಷದಿಂದ ಹಾಕ್ತಿದೀನಿ, ಒಬ್ಬರೂ ಈ ಮಾತು ಅಂದಿಲ್ಲ. ಏನು ಸೋಪು ಹಾಕ್ತಾಳೋ. ಬಿಸಿನೀರಿಗೆ ಅದ್ದಿರ್ತಾಳೆ. ತಣ್ಣೀರೇ ಅಂತೆ, ಬರೀ ತಣ್ಣೀರು. ಎರಡೂ ತಂದುಕೊಡು ಅಂದೆ. ಮೈಯೆಲ್ಲ ಉರೀತಿದೆ.

ಡಿ. 17, ಮಧ್ಯಾಹ್ನ 12

ಎಡಗಾಲಿನದ್ದು ಬೆಚ್ಚನೆ ನೀರಿಗೆ ಹಾಕಿದೆ. ಅರ್ಧ ಗಂಟೆ. ನೀರು ತಿಳಿ. ಒದ್ದೆ ಮಾಡಿ ಬಿಳಿ ಪಂಚೆಗೆ ಉಜ್ಜಿದೆ. ಕಲೆ ಇಲ್ಲ. ಉಳಿದ ಲಡಿಗೂ ಅದೇ ಪರೀಕ್ಷೆ, ತಿಳಿ. ನಾನು ಹೇಳಿದ್ನಲ್ಲ.

ಬಲಗಾಲಿನದ್ದು ಹಾಕಿದೆ. ನೀರು ನಸುಗೆಂಪು.

ಒಂದೇ ಚೊಗರು, ಒಂದೇ ಪಟಿಕ, ಒಂದೇ ದಿನ. ಒಂದು ಬಣ್ಣ ಬಿಡತ್ತೆ, ಇನ್ನೊಂದು ಬಿಡಲ್ಲ ಅಂದ್ರೆ ಅದು ಬಣ್ಣ ಅಲ್ಲ. ಒಳಗೆ ಕೈ ಹಾಕಿದೆ. ಅಂಗಾಲಿನ ಜಾಗ, ಹಿಮ್ಮಡಿ ಹತ್ರ, ತೊಳೆದ ಮೇಲೂ ಬಿರುಸು. ತಿರುವಿ ಹಾಕಿ ಬಿಸಿಲಿಗೆ ಹಿಡಿದೆ.

ಗುಂಡುಪಿನ್ನು. ಕುಣಿಕೆಯೊಳಗೆ ಪೋಣಿಸಿಕೊಂಡು ಕೂತಿದೆ, ಮೊನೆ ಒಳಗಡೆಗೆ. ಡಬ್ಬಿ ತೆಗೆದು ಎಣಿಸಿದೆ — ಹನ್ನೊಂದು.

ಶನಿವಾರ ಎಣಿಸಿರಲಿಲ್ಲ. ನನ್ನ ತಪ್ಪು, ಪೂರ್ತಿ ನನ್ನದೇ. ಆದ್ರೆ ಅಷ್ಟೇ ಅಲ್ಲ. ಇಡೀ ದಿನ ಈ ಪಿನ್ನಿನ ಮೇಲೆ ಕಾಲಿಟ್ಟು ಬ್ರೇಕ್ ತುಳಿದಿದಾನೆ. ಹಾಕಿದ್ದೇ ಗೊತ್ತಾಗಲ್ಲ ಅಂದ.

ಸಂಜೆ 6

ಹೋದೆ. ಅಂಗಾಲು ತೋರಿಸು ಅಂದೆ. ತೋರಿಸಲಿಲ್ಲ. "ಏನೂ ಆಗಿಲ್ಲ, ಚೂರು ಗೀಚಿದೆ." ಸರಿ, ಕಣ್ಣು ಮುಚ್ಚು, ಹೆಣಿಗೆ ಕಡ್ಡಿ ತಂದಿದೀನಿ, ಎಲ್ಲಿ ಮುಟ್ಟಿದೆ ಹೇಳು ಅಂದೆ. ಆಯಸ್ಸಿನ ಮಾತು ಮತ್ತೆ ತೆಗೆದ. ಕಡ್ಡಿ ಮುಟ್ಟೋದು, ನಾನಲ್ಲ ಅಂದೆ. ಶರಾವತಿ ಕಾಲು ಹಿಡಿದು ಸ್ಟೂಲ್ ಮೇಲೆ ಇಟ್ಟಳು.

ಹೆಬ್ಬೆರಳಿಗೆ ಇಟ್ಟೆ. ಅಂಗಾಲಿಗೆ ಇಟ್ಟೆ, ಪಿನ್ನಿನ ಗಾಯದ ಪಕ್ಕಕ್ಕೆ. ಹಿಮ್ಮಡಿಗೆ ಒತ್ತಿದೆ. ಇನ್ನೊಂದು ಕಾಲಿಗೂ.

"ಇನ್ನೂ ಶುರು ಮಾಡಿಲ್ವಾ ಅಕ್ಕ?" ಅಂದ.

ಶರಾವತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಕಣ್ಣು ಬಿಟ್ಟು ನಮ್ಮಿಬ್ಬರ ಮುಖ ನೋಡಿದ. ಆಮೇಲೆ ಎಲ್ಲ ಹೇಳಿದ. ನಾಲ್ಕು ವರ್ಷದಿಂದ ಶುಗರ್. ನೆನಪಾದಾಗ ಮಾತ್ರೆ. ಆರು ತಿಂಗಳಿಂದ ಕಾಲು ಹೀಗೆ. "ನಂಗೆ ಗೊತ್ತಾಗದಿದ್ರೂ ಗಾಡಿಗೆ ಗೊತ್ತಾಗತ್ತೆ ಅಕ್ಕ. ಇಪ್ಪತ್ತೇಳು ವರ್ಷ. ಒಂದು ಕೋಳಿಗೂ ತಾಗಿಸಿಲ್ಲ. ಗಾಡಿ ಬಿಟ್ಟು ನಾನು ಎಂತ ಮಾಡ್ಲಿ?"

"ನಾಳೆ ಮೊದಲನೇ ಬಸ್ಸಿಗೆ ನಾನೂ ಬರ್ತೀನಿ" ಅಂದು ಎದ್ದು ಬಂದೆ.

ಡಿ. 18, ಬೆಳಿಗ್ಗೆ 9

ಹೋಗಿದ್ದೆ. ಮುಂದಿನ ಸೀಟು. ಬಲಗಾಲಿನ ಸಾಕ್ಸ್ ಮಡಿಲಲ್ಲಿ. ಪಕ್ಕದಲ್ಲಿ ಒಬ್ಬಳು ಬಾಣಂತಿ, ಮಗು ಟೋಪಿ ಹಾಕ್ಕೊಂಡು ನಿದ್ದೆ. ಹಿಂದೆ ಹೊಸನಗರಕ್ಕೆ ಹೋಗೋ ಟೀಚರ್‌ಗಳು, ಸೀಟು ತುಂಬಿತ್ತು. ಇವನು ಬಂದು ಕೂತ. ಊದುಬತ್ತಿ ಹಚ್ಚಿದ, ಸ್ಟೀರಿಂಗ್ ಮುಟ್ಟಿ ನಮಸ್ಕಾರ ಮಾಡಿದ. ಎಂಜಿನ್ ಸ್ಟಾರ್ಟ್ ಮಾಡಿ ಕನ್ನಡಿ ನೋಡಿದ.

ಅವನು ನನ್ನ ನೋಡಿದ, ಮಗೂನ ನೋಡಿದ. ಯೋಗರಾಜ್ ಎರಡು ಸಲ ರೈಟ್ ಅಂದ.

ಎಂಜಿನ್ ಆಫ್ ಮಾಡಿದ. "ಯೋಗರಾಜ, ಹೂವಯ್ಯಂಗೆ ಫೋನ್ ಹಾಕು. ಇವತ್ತು ಅವನೇ ಓಡಿಸ್ಲಿ. ನನ್ನ ಕಾಲು ಸರಿ ಇಲ್ಲ." ಜನ ಗೊಣಗಿದ್ರು. ನಲವತ್ತು ನಿಮಿಷ ಲೇಟು. ಬಸ್ಸು ಹೊರಟಾಗ ಅವನು ಸ್ಟ್ಯಾಂಡಿನ ಕಂಬ ಹಿಡಿದು ತಿರುವಿನವರೆಗೂ ನೋಡಿದ. ನಾನೂ ಇಳಿದು ಅವನ ಪಕ್ಕ ನಿಂತಿದ್ದೆ. ಆದ್ರೂ ಮಾಡಿದ್ದು ಸರಿ. ನಾಳೆ ಮತ್ತೆ ಮಾಡು ಅಂದ್ರೂ ಮಾಡ್ತೀನಿ.

ಡಿ. 20

ಡಾಕ್ಟರು ಗಾಯ ಕ್ಲೀನ್ ಮಾಡಿದ್ರು. ಬೇಗ ಬಂದ್ರಿ, ವಾಸಿ ಆಗತ್ತೆ ಅಂದ್ರು. ಸ್ಪರ್ಶ ವಾಪಸ್ ಬರತ್ತಾ ಅಂತ ಶರಾವತಿ ಕೇಳಿದಳು. ಭರವಸೆ ಕೊಡಲಿಲ್ಲ. ಇನ್ನು ಬಸ್ಸು ಮುಟ್ಟೋ ಹಾಗಿಲ್ಲ. ಪೆನ್ನಿಂದ ಎರಡೂ ಕಾಲಿಗೆ ಸುತ್ತ ಗೆರೆ ಎಳೆದ್ರು — ಇಲ್ಲಿಂದ ಕೆಳಗೆ ಗೊತ್ತಾಗ್ತಿಲ್ಲ. ಸಾಕ್ಸ್ ಹಾಕಿದಷ್ಟೇ ಜಾಗ.

ಬರಿಗಾಲಲ್ಲಿ ಓಡಾಡಬಾರದು. ಬಿಗಿ ಬಾರ್ಡರ್ ಬೇಡ. ಬಣ್ಣದ ಸಾಕ್ಸ್ ಬೇಡ, ಬಿಳಿಯದ್ದೇ ಹಾಕಿ, ರಕ್ತ ಬಂದ್ರೆ ಕಾಣ್ಬೇಕು ಅಂದ್ರು. ನಾನು ಬ್ಯಾಗಿನಲ್ಲಿದ್ದ ಕೆಂಪು ಲಡಿ ಒಳಗೆ ತಳ್ಳಿದೆ.

ಡಿ. 29, ಸೋಮವಾರ, ಬೆಳಿಗ್ಗೆ 11

ಒಂಬತ್ತು ದಿನ ಕಡ್ಡಿ ಮುಟ್ಟಿರಲಿಲ್ಲ. ಇವತ್ತು ಬಿಳಿ ಲಡಿ ಬಿಚ್ಚಿದೆ. ಗುರುತಿಗೆ ದಾರ. ಪಿನ್ನಿನ ಡಬ್ಬಿ ಪಕ್ಕದ ಮನೆ ಯಮುನಮ್ಮನ ಮಗಳಿಗೆ ಕೊಟ್ಟುಬಿಟ್ಟೆ, ಅವಳು ಹೊಲಿಗೆ ಕಲೀತಿದಾಳೆ.

ಯೋಚನೆ ಮಾಡಿದೀನಿ. ಗೆರೆಯಿಂದ ಕೆಳಗೆ ಬಿಳಿ. ಗೆರೆಯಿಂದ ಮೇಲೆ ಚೊಗರಿನ ಕೆಂಪು, ಸಡಿಲ ಹೆಣಿಗೆ. ಅಲ್ಲಿ ಏನಾದ್ರೂ ಆದ್ರೆ ಅವನೇ ಹೇಳ್ತಾನೆ. ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಆಗಬಹುದು ಅಂದ್ರು. ಇದನ್ನ ನನ್ನ ಹಾಗೆ ಹೆಣೆಯೋರು ಸಾಗರದಲ್ಲಿ ಇನ್ನೊಬ್ಬರಿಲ್ಲ.

ಅವನು ಬಂದಿದಾನೆ, ಇಲ್ಲೇ ಎದುರಿಗೆ ಕೂತಿದಾನೆ. ಸ್ನಾನಕ್ಕೆ ಪೆನ್ನಿನ ಗೆರೆ ಅಳಿಸಿಹೋಗಿದೆ. ಕಾಲು ಕೊಡು ಅಂದೆ. ಕೊಟ್ಟ. ಆಯಸ್ಸಿನ ಮಾತು ತೆಗೀಲಿಲ್ಲ. ನೆಲಕ್ಕೆ ಕೂತು ತೊಡೆ ಮೇಲೆ ಇಟ್ಕೊಂಡೆ. ನಲವತ್ತು ವರ್ಷ ಆಗಿತ್ತು ಈ ಕಾಲು ಹಿಡಿದು.

ಕಣ್ಣು ಮುಚ್ಚಿಸಿದೆ. ಬೆರಳು ಮುಟ್ಟಿದೆ, ಸುಮ್ಮನಿದ್ದ. ಅಂಗಾಲು, ಸುಮ್ಮನಿದ್ದ. ಹಿಮ್ಮಡಿ. ಕಾಲಿನ ಗಂಟು. ಗಂಟಿನ ಮೇಲೆ ಒಂದು ಬೆರಳಗಲ... ಎರಡು...

"ನಿನ್ನ ಕೈ ತಣ್ಣಗಿದೆ ಅಕ್ಕ" ಅಂದ.

ಅಲ್ಲೇ ಬೆರಳಿಟ್ಟು ಟೇಪ್ ಹಿಡಿದೆ. ಬಲಗಾಲು, ಹಿಮ್ಮಡಿ ತಳದಿಂದ ಐದೂವರೆ ಇಂಚು. ಎಡಗಾಲು —