ಮಸುಕು ಕ್ಯಾಸೆಟ್

ರಾಮನಗರ
೨೩ ನವೆಂಬರ್ ೧೯೯೭

ಪ್ರೀತಿಯ ಭಾಯಿಜಾನ್,

ಸಲಾಂ. ನಿಮ್ಮ ಸೊಂಟದ ನೋವು ಹೇಗಿದೆ? ಜೆದ್ದಾದಲ್ಲಿ ಚಳಿ ಇರಲಿಕ್ಕಿಲ್ಲ, ಆದರೂ ಆ ಏಸಿ ಕೋಣೆಯಲ್ಲಿ ಬರೀ ನೆಲದ ಮೇಲೆ ಮಲಗಬೇಡಿ. ಇಲ್ಲಿ ನಾವೆಲ್ಲ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟವನು ಅಷ್ಟಕ್ಕೇ ನಿಲ್ಲಿಸಿದೆ. ದಣಿವು, ಬೇರೇನಲ್ಲ.

ಖಾಸಿಂ ಕೈಲಿ ನೀವು ಕಳಿಸಿದ ವಿಡಿಯೋ ಕ್ಯಾಮೆರಾ ಬಂದು ಎರಡು ತಿಂಗಳಾಯಿತು. ಜೊತೆಗಿದ್ದ ಚೀಟಿಯಲ್ಲಿ ಒಂದೇ ಸಾಲು: ಅಮ್ಮಿ ಗೂಡು ಬೇಯುವ ಬೇಸಿನ್ ಮುಂದೆ ಕೂತು ರೇಷ್ಮೆ ನೂಲು ತೆಗೆಯುವುದನ್ನು, ಮುಖ ಸ್ಪಷ್ಟವಾಗಿ ಕಾಣುವಂತೆ ಹಿಡಿದು ಕಳಿಸು. ಆರು ವರ್ಷದಿಂದ ಆ ಮುಖ ನೋಡದವರು ನೀವು. ಕೇಳಿದ್ದು ಅದೊಂದೇ, ನನ್ನಿಂದ ಆಗದಿರುವುದೂ ಅದೊಂದೇ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಮಸೂರದ ಪಾಠ ಹೇಳುವವನು, ಸಂಜೆ ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಕ್ಯಾಮೆರಾದ ಪುಸ್ತಕ ಓದುತ್ತೇನೆ. ಪದಗಳ ಅರ್ಥಕ್ಕೆಂದೇ ಒಂದು ನೋಟ್‌ಬುಕ್ ಮಾಡಿದ್ದೇನೆ. ಸ್ಟ್ಯಾಂಡ್‌ಬೈ: ಕ್ಯಾಮೆರಾ ಎಚ್ಚರವಾಗಿದೆ, ನೋಡುತ್ತಿದೆ, ಆದರೆ ಏನನ್ನೂ ನೆನಪಿಟ್ಟುಕೊಳ್ಳುತ್ತಿಲ್ಲ. ಮೊದಲ ದಿನ ಅರ್ಧ ಗಂಟೆ ಹಾಗೇ ಹಿಡಿದು ನಿಂತಿದ್ದೆ. ಆ ಸ್ಥಿತಿ ನನಗೆ ಹೊಸದಲ್ಲವಾದ್ದರಿಂದ ತಪ್ಪಾಗಿದೆ ಎಂದು ಗೊತ್ತಾಗಲಿಲ್ಲ.

ವೈಟ್ ಬ್ಯಾಲೆನ್ಸ್ ಎಂದು ಇನ್ನೊಂದಿದೆ. ಬಿಳಿ ಯಾವುದೆಂದು ಕ್ಯಾಮೆರಾಗೆ ಮೊದಲೇ ತೋರಿಸಿಕೊಡಬೇಕು, ಉಳಿದ ಬಣ್ಣಗಳನ್ನು ಅದು ಅದರ ಮೇಲೆ ಅಳೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಬಿಳಿ ಎಂದರೆ ನೂಲು ತಾನೇ? ಆಗಷ್ಟೇ ತೆಗೆದ ಲಡಿಯನ್ನು ಹಿಡಿದು ತೋರಿಸಿದೆ. ಅಮ್ಮಿಯ ಮುಖ ನೀಲಿಯಾಗಿ ಬಂತು. ನಮ್ಮ ನೂಲು ಹಳದಿ ಎಂಬುದು ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಗೊತ್ತಾಯಿತು.

ಆಮೇಲೆ ಡ್ಯೂ, ಅಂದರೆ ಇಬ್ಬನಿ. ಬೇಸಿನ್ನಿನ ಆವಿ ಒಳಗೆ ಹೋಗಿ ಹನಿಗಟ್ಟಿದರೆ ಆ ಪದ ಮಿನುಗಿ ಕ್ಯಾಮೆರಾ ನಿಂತುಬಿಡುತ್ತದೆ. ಮುಚ್ಚಳ ತೆರೆದು ಒಂದು ಗಂಟೆ ಒಣಗಿಸಬೇಕು. ಸ್ವಲ್ಪ ಹೊತ್ತು ಒಲೆ ಆರಿಸೋಣವೇ ಎಂದು ಕೇಳಿದ್ದಕ್ಕೆ, ಪಕ್ಕದ ಬೇಸಿನ್ನಿನ ಸಿದ್ದಮ್ಮ, ಕೈಲಾಂಚದಿಂದ ಬರುತ್ತಾಳಲ್ಲ, ಅವಳು, "ನೀರು ಕುದೀದೆ ಗೂಡು ಎಳೆ ಬುಟ್ಕೊಡ್ತದಾ ಮೇಷ್ಟ್ರೇ? ಒಸಿ ನಿಮ್ ಮಿಸಿನ್ನಿಗೇ ಬುದ್ಧಿ ಯೋಳಿ" ಎಂದಳು. ಅಮ್ಮಿ ನಕ್ಕಳು. ಆ ನಗು ರೆಕಾರ್ಡ್ ಆಗಿಲ್ಲ.

ಕೊನೆಯದು ಆಟೋ ಫೋಕಸ್. ಎದುರಿಗಿರುವುದನ್ನು ಕ್ಯಾಮೆರಾ ತಾನೇ ಹುಡುಕಿ ಸ್ಪಷ್ಟ ಮಾಡಿಕೊಳ್ಳುತ್ತದಂತೆ. ನಮ್ಮ ಶೆಡ್ಡಿನಲ್ಲಿ ಎದುರಿಗಿರುವುದು ಆವಿ. ಅದನ್ನೇ ಹಿಡಿಯಲು ಹೋಗಿ, ಸಿಗದೆ, ಮುಂದೆ ಹಿಂದೆ ತಡಕಾಡಿ ಸುಮ್ಮನಾಗುತ್ತದೆ. ಅಷ್ಟರಲ್ಲಿ ಅಮ್ಮಿ ಒಂದು ಬೆಳ್ಳನೆಯ ಮುದ್ದೆಯಾಗಿರುತ್ತಾಳೆ.

ಕಳೆದ ಶುಕ್ರವಾರ ಹಳದಿ ವೈರು ಚಿತ್ರಕ್ಕೆ, ಬಿಳಿ ವೈರು ಸದ್ದಿಗೆ ಎಂದು ನೋಡಿಕೊಂಡು ಕ್ಯಾಮೆರಾವನ್ನು ಟೀವಿಗೆ ಸಿಕ್ಕಿಸಿದೆ. ಸಿದ್ದಮ್ಮನೂ ಬಂದು ಬಾಗಿಲ ಬಳಿ ಕೂತಳು. ಕಂಡದ್ದು ಬರೀ ಮಬ್ಬು. "ಅಯ್ಯಯ್ಯೋ, ನಮ್ಮುನ್ನೆಲ್ಲ ದೆವ್ವ ಮಾಡಿ ಕೂರ್ಸ್‌ಬುಟ್ಟಿದ್ದೀರಲ್ಲ ಮೇಷ್ಟ್ರೇ!" ಎಂದು ಅವಳು ನಗತೊಡಗಿದಳು. ಅಮ್ಮಿ ಅವಳನ್ನೇ ಗದರಿದಳು: "ಸುಮ್ಕಿರೇ ಸಿದ್ದಮ್ಮ. ಎಷ್ಟ್ ಚೆಂದಾಗ್ ಬಂದೈತೆ. ನಮ್ ಶೆಡ್ಡು ಎಂಗೈತೋ ಅಂಗೇ ಐತೆ." ಸಿದ್ದಮ್ಮ ನಗು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ವೈರು ಸರಿಪಡಿಸುವವನಂತೆ ಟೀವಿಯ ಹಿಂದೆ ಬಗ್ಗಿದೆ.

ಫಿರೋಜಾ ಮತ್ತು ಮಕ್ಕಳ ಸಲಾಂ. ಅಮ್ಮಿಯ ದುವಾ ಎಂದಿನಂತೆ ನಿಮಗೇ ಮೊದಲು, ನಮಗೆ ಉಳಿದದ್ದು.

ನಿಮ್ಮ ತಮ್ಮ,
ನಜೀರ್

ತಾ.ಕ.: ಇದನ್ನು ನಿಮಗೆ ಬರೆಯಕೂಡದೆಂದು ಅಮ್ಮಿ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ, ಮುರಿಯುತ್ತಿದ್ದೇನೆ. ಟೀವಿಯಲ್ಲಿ ನೋಡಿದ ಮಾರನೆಯ ದಿನ ಕ್ಯಾಮೆರಾ ಇಲ್ಲದೆ ಅವಳ ಪಕ್ಕ ಕೂತು ನೋಡಿದೆ. ಬಿಸಿ ತಾಗುವ ಕಡೆಗೆ ಕೈ ಚಾಚಿ ಬೇಸಿನ್ ಹುಡುಕುತ್ತಾಳೆ, ಎಳೆಯನ್ನು ಬೆರಳಲ್ಲೇ ಪತ್ತೆ ಮಾಡುತ್ತಾಳೆ. ಬಲಗೈಯ ಮೂರು ಬೆರಳು ಬೆಂದಿವೆ. ಎರಡೂ ಕಣ್ಣಿಗೆ ಪೊರೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೆ ಕಾಣುತ್ತದಂತೆ. ಅವಳು ಒಪ್ಪುತ್ತಿಲ್ಲ, ನನ್ನ ಮಾತು ಯಾವತ್ತು ಕೇಳಿದ್ದಾಳೆ? ಹೇಗಾದರೂ ರಜೆ ಕೇಳಿ ಬನ್ನಿ. ಕ್ಯಾಸೆಟ್ ಇದರ ಜೊತೆಗಿದೆ. ನಿಮ್ಮ ಟೀವಿ ಕೆಟ್ಟಿಲ್ಲ, ಯಾವ ಗುಂಡಿಯನ್ನೂ ಒತ್ತಬೇಡಿ, ಕೊನೆಯವರೆಗೂ ಹಾಗೇ ನೋಡಿ. ನೀವು ಬಂದು ಎದುರು ನಿಂತರೂ ಅವಳಿಗೆ ಅಷ್ಟೇ ಕಾಣುವುದು.